ಗಡ್ಡೆ ತೆಗೆದ ಕೈ, ತಪ್ಪು ಒಪ್ಪಿದ ಬಾಯಿ: ಕೋಕರ್ ಡಾಕ್ಟರ ಕಥೆ

ಆಪರೇಷನ್ ಕೋಣೆಯಲ್ಲಿ ಕೆಲಸ ಮಾಡುವ ಯಾವ ಸಿಸ್ಟರನ್ನು ಬೇಕಾದರೂ ಕೇಳಿ, ಕೋಕರ್ ಅಂದರೆ ಏನೆಂದು ಥಟ್ಟನೆ ಹೇಳುತ್ತಾರೆ. ತುದಿಯಲ್ಲಿ ಹಲ್ಲಿರುವ ಗಟ್ಟಿ ಇಕ್ಕಳ. ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ಮಾತ್ರ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಥಿಯೋಡರ್ ಕೋಕರ್ ಹುಟ್ಟಿದ್ದು 1841ರ ಆಗಸ್ಟ್ 25ರಂದು, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ತಂದೆ ಎಂಜಿನಿಯರು, ತಾಯಿ ಮಹಾ ದೈವಭಕ್ತೆ. ಸಿನಿಮಾ ಹಾಡಿನಲ್ಲಿ ಹೀರೋ ಹೀರೋಯಿನ್ ಹಿಮದ ಮೇಲೆ ಕುಣಿಯುವ ದೇಶ ಅದೇ. ಆದರೆ ಆ ಕಾಲಕ್ಕೆ ಅದು ಗಳಗಂಡದ ಸೀಮೆ. ಬೆಟ್ಟದ ಮಣ್ಣಿನಲ್ಲಿ ಅಯೋಡಿನ್ ಅಂಶವೇ ಇಲ್ಲ. ಅದಿಲ್ಲದೆ ಕತ್ತಿನ ಮುಂಭಾಗದ ಥೈರಾಯ್ಡ್ ಗ್ರಂಥಿ ಊದಿ ಊದಿ ಗಡ್ಡೆಯಾಗುತ್ತದೆ. ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆ ಹಳಬರು ಕಂಡ ರೋಗವೂ ಇದೇ. ಬರ್ನ್ ಸುತ್ತಿನ ಹಳ್ಳಿಗಳಲ್ಲಿ ಗಡ್ಡೆ ದೊಡ್ಡದಾಗಿ ಉಸಿರುನಾಳ ಒತ್ತಿ, ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಹೋಗುವುದೂ ಇತ್ತು.

ಕತ್ತರಿಸಿ ತೆಗೆಯೋಣ ಅಂದರೆ ಅದು ಇನ್ನೂ ಅಪಾಯ. ಥೈರಾಯ್ಡ್ ಅಂದರೆ ರಕ್ತದ ಚೀಲ ಇದ್ದ ಹಾಗೆ. ಚಾಕು ತಾಗಿದರೆ ಮಡುವು. 1850ರಲ್ಲಿ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿ ಈ ಆಪರೇಷನ್ನನ್ನೇ ಖಂಡಿಸಿತ್ತು. ಯುರೋಪಿಗೇ ಹೆಸರಾದ ಬಿಲ್ರೋತ್ ಕೈಯಲ್ಲೂ ಮೊದಮೊದಲು 100ಕ್ಕೆ 40ರಷ್ಟು ಜನ ಸತ್ತರು. ಆತ ಬೇಸತ್ತು ಎಷ್ಟೋ ವರ್ಷ ಅದರ ತಂಟೆಗೇ ಹೋಗಲಿಲ್ಲ.

1872ರಲ್ಲಿ, 31 ತುಂಬುವ ಮೊದಲೇ ಕೋಕರ್ ಬರ್ನಿನಲ್ಲಿ ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಆದರು. ಬೇರೆ ಕಡೆಯ ಕರೆಗೆ ಮನಸ್ಸು ಕೊಡದೆ ಸಾಯುವ ತನಕ ಅಲ್ಲೇ ಉಳಿದರು. ಆಗ ರಕ್ತದ ಬಾಟಲಿ ಇಲ್ಲ, ಪೆನಿಸಿಲಿನ್ ಇಲ್ಲ, ಈಗಿನಂಥ ಅರಿವಳಿಕೆ ಯಂತ್ರವೂ ಇಲ್ಲ. ಇದ್ದದ್ದು ತಾಳ್ಮೆ ಒಂದೇ. ಬೇರೆಯವರು ಗಡಿಯಾರ ನೋಡಿಕೊಂಡು ಸರಸರನೆ ಕೊಯ್ಯುತ್ತಿದ್ದಾಗ ಈ ಮನುಷ್ಯ ಒಂದೊಂದೇ ರಕ್ತನಾಳ ಹುಡುಕಿ, ಇಕ್ಕಳದಲ್ಲಿ ಹಿಡಿದು, ದಾರ ಕಟ್ಟಿ, ಆಮೇಲೆ ಕತ್ತರಿಸುತ್ತಿದ್ದರು. ಲಿಸ್ಟರ್ ತೋರಿಸಿದ ಹಾಗೆ ಗಾಯಕ್ಕೆ ಕೀವು ಬಾರದ ಹಾಗೆ ಔಷಧಿ ನೀರಿನ ಶುದ್ಧ ಬೇರೆ. 1884ರಲ್ಲಿ ಕೊಕೇನಿನಿಂದ ಜಾಗ ಮಾತ್ರ ಮರಗಟ್ಟಿಸುವ ಉಪಾಯ ಹೊರಬಿತ್ತು. ಮುಂದೆ ಕೋಕರ್ ಕ್ಲೋರೋಫಾರಂ ಬಿಟ್ಟು ಅದನ್ನೇ ಹಿಡಿದರು. ರೋಗಿ ಎಚ್ಚರವಿದ್ದರೆ ಮಾತಾಡಿಸಬಹುದು. ದನಿ ಒಡೆದರೆ ದನಿಯ ನರಕ್ಕೆ ಪೆಟ್ಟು ಬೀಳುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಜನ ಬದುಕಿದರು, ಹೆಸರೂ ಬಂತು. ಕೈ ಎಷ್ಟು ಪಳಗಿತೆಂದರೆ ಗ್ರಂಥಿಯನ್ನು ಚೂರೂ ಉಳಿಸದೆ ಪೂರ್ತಿ ತೆಗೆಯತೊಡಗಿದರು. ಎಡವಟ್ಟಾಗಿದ್ದು ಅಲ್ಲೇ.

1874ರಲ್ಲಿ 11 ವರ್ಷದ ಹುಡುಗಿಯೊಬ್ಬಳ ಗಡ್ಡೆ ತೆಗೆದರು. ಗಾಯ ಚೆನ್ನಾಗಿ ಮಾಯ್ತು, ಹುಡುಗಿ ಮನೆಗೆ ಹೋದಳು. ಆಮೇಲೆ ಆಕೆಯ ಊರಿನ ಡಾಕ್ಟರು, ಮಗು ಯಾಕೋ ಮೊದಲಿನ ಹಾಗಿಲ್ಲ, ಮಂಕಾಗಿದೆ ಅಂತ ತಿಳಿಸಿದರು. ಆಗ ಅದು ಅಲ್ಲಿಗೇ ನಿಂತಿತು. 1882ರಲ್ಲಿ ಜಿನೀವಾದ ರೆವರ್ಡಿನ್ ಎಂಬ ಡಾಕ್ಟರು ತನ್ನ ರೋಗಿಗಳಿಗೂ ಹೀಗೇ ಆಗಿದೆ ಅಂದಾಗ ಕೋಕರ್‌ಗೆ ಚುರುಕು ಮುಟ್ಟಿತು. ಹಳೆಯ ರೋಗಿಗಳಿಗೆಲ್ಲ ಬಂದು ಹೋಗಿ ಎಂದು ಹೇಳಿಕಳುಹಿಸಿದರು.

ಗ್ರಂಥಿ ಪೂರ್ತಿ ಕಳೆದುಕೊಂಡವರಲ್ಲಿ 18 ಜನ ಬಂದರು. 16 ಜನರ ಸ್ಥಿತಿ ನೋಡುವ ಹಾಗಿರಲಿಲ್ಲ. ಮುಖ ಊದಿ, ಚರ್ಮ ಒಣಗಿ, ಮಾತು ನಿಧಾನವಾಗಿ, ಬುದ್ಧಿ ಜಡವಾಗಿತ್ತು. ಆ ಹುಡುಗಿಯೂ ಬಂದಳು, ಬೆಳವಣಿಗೆ ನಿಂತು ಕುಳ್ಳಾಗಿದ್ದಳು. ಒಂದು ಕಾಲಕ್ಕೆ ಅವಳನ್ನೇ ಹೋಲುತ್ತಿದ್ದ ತಂಗಿ ಎತ್ತರಕ್ಕೆ ಬೆಳೆದು ಲಕ್ಷಣವಾದ ತರುಣಿಯಾಗಿದ್ದಳು. ಇಬ್ಬರೂ ಪಕ್ಕಪಕ್ಕ ನಿಂತ ಫೋಟೋ ಇವತ್ತಿಗೂ ವೈದ್ಯರ ಪುಸ್ತಕಗಳಲ್ಲಿದೆ.

ಬೇರೆಯವರಾಗಿದ್ದರೆ ಕಡತ ಮುಚ್ಚಿ ಸುಮ್ಮನಾಗುತ್ತಿದ್ದರೋ ಏನೋ. ಕೋಕರ್ 1883ರ ಏಪ್ರಿಲಿನಲ್ಲಿ ಬರ್ಲಿನ್‌ಗೆ ಹೋಗಿ, ಜರ್ಮನ್ ಶಸ್ತ್ರವೈದ್ಯರ ತುಂಬಿದ ಸಭೆಯಲ್ಲಿ 101 ಆಪರೇಷನ್‌ಗಳ ಲೆಕ್ಕವನ್ನೂ ಈ 16 ಜನರ ಪಾಡನ್ನೂ ಬಿಚ್ಚಿಟ್ಟರು. ಕ್ಯಾನ್ಸರ್ ಹೊರತು ಇನ್ನು ಪೂರ್ತಿ ಗ್ರಂಥಿ ತೆಗೆಯುವುದಿಲ್ಲ ಎಂದು ನಿಶ್ಚಯ ಮಾಡಿದರು. ಆದರೆ ಮೊದಲು ಸುಳಿವು ಕೊಟ್ಟ ರೆವರ್ಡಿನ್‌ಗೆ ಸಲ್ಲಬೇಕಾದಷ್ಟು ಮನ್ನಣೆ ಕೊಡಲಿಲ್ಲ. ಇಬ್ಬರ ನಡುವೆ ಅದರ ಜಗಳ ಬಹಳ ಕಾಲ ನಡೆಯಿತು. ದೊಡ್ಡವರಲ್ಲೂ ಈ ಸಣ್ಣತನ ಇರುತ್ತೆ ನೋಡಿ.

ಇದರಿಂದ ಲೋಕಕ್ಕೊಂದು ಹೊಸ ವಿಷಯ ತಿಳಿಯಿತು. ಕೆಲಸಕ್ಕೆ ಬಾರದ್ದು ಅಂದುಕೊಂಡಿದ್ದ ಗ್ರಂಥಿಯೇ ಮೈ ಬೆಳೆಸುವ, ಬುದ್ಧಿ ಚುರುಕಾಗಿಡುವ ರಸ ಕೊಡುತ್ತದೆ. 1891ರಲ್ಲಿ ಇಂಗ್ಲೆಂಡಿನ ಮರ್ರೆ ಕುರಿಯ ಥೈರಾಯ್ಡ್ ರಸ ಚುಚ್ಚಿ ರೋಗಿಗಳನ್ನು ಸುಧಾರಿಸಿದರು. ಇವತ್ತು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗುವ ಪುಟ್ಟ ಮಾತ್ರೆಯ ಮೂಲ ಇಲ್ಲಿದೆ. ಗ್ರಂಥಿ ಪೂರ್ತಿ ತೆಗೆಸಿಕೊಂಡವರು ಅದನ್ನು ಜೀವನಪೂರ್ತಿ ತಪ್ಪಿಸುವಂತಿಲ್ಲ. ಮಾತ್ರೆ ಸರಿಯಾಗಿ ಸಿಗದ ಆಫ್ರಿಕಾದ, ಏಷ್ಯಾದ ಬಡ ಸೀಮೆಗಳಲ್ಲಿ, ಕ್ಯಾನ್ಸರ್ ಅಲ್ಲದ ಗಡ್ಡೆಯಾದರೆ ಸ್ವಲ್ಪ ಗ್ರಂಥಿ ಉಳಿಸಿ ಬರುವ ಸರ್ಜನ್ನರು ಈಗಲೂ ಇದ್ದಾರೆ. ತಿಂಗಳ ಮಾತ್ರೆಗೆ ಬಸ್ ಚಾರ್ಜ್ ಕೊಟ್ಟು 40 ಮೈಲಿ ಬರಲಾಗದ ರೋಗಿಗೆ ಆ ಚೂರೇ ಔಷಧಿ ಅಂಗಡಿ.

ಮುಂದೆ ಕೋಕರ್ ಕೈಯಲ್ಲಿ ಸಾವು 100ಕ್ಕೆ 1ಕ್ಕಿಂತ ಕೆಳಗಿಳಿಯಿತು. 1909ರಲ್ಲಿ ನೊಬೆಲ್ ಬಹುಮಾನ ಬಂತು. ಸರ್ಜನ್ ಒಬ್ಬರಿಗೆ ಅದು ಬಂದದ್ದು ಅದೇ ಮೊದಲು. 1913ರಲ್ಲಿ ರಷ್ಯಾದ ಲೆನಿನ್ ತನ್ನ ಹೆಂಡತಿ ಕ್ರುಪ್ಸ್‌ಕಾಯಾಳನ್ನು ಕರೆದುಕೊಂಡು ಬರ್ನ್‌ಗೆ ಬಂದದ್ದೂ ಇದೇ ಡಾಕ್ಟರ ಹತ್ತಿರ. ದೇಶ ಬಿಟ್ಟು ತಿರುಗುತ್ತಿದ್ದ ಲೆನಿನ್ ಕೂಡ ಸರದಿಗೆ ಕಾಯಬೇಕಾಯಿತು. ಆಕೆ ಎಚ್ಚರದಲ್ಲೇ ಆಪರೇಷನ್ ಮಾಡಿಸಿಕೊಂಡಳು.

1917ರ ಜುಲೈ 27ರಂದು ಕೋಕರ್ ತೀರಿಕೊಂಡರು. ಗಡ್ಡೆಗೆ ಅಯೋಡಿನ್ ಕೊಡುವುದೆಂದರೆ ಅವರಿಗೆ ಅಂಜಿಕೆಯಿತ್ತು. ಹೆಚ್ಚಾದರೆ ಗ್ರಂಥಿ ಕೆರಳುವುದನ್ನು ಕಂಡಿದ್ದರು. ಅವರು ಹೋಗಿ 5 ವರ್ಷಕ್ಕೆ, 1922ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಮಾರಾಟಕ್ಕೆ ಬಂತು. ಇವತ್ತು ನಮ್ಮ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಇಟ್ಟಿರುವುದೂ ಅದೇ ಉಪ್ಪು.