ರಕ್ತಹೀನತೆಯ ಕಾರಣವನ್ನರಸಿದ ಲೂಸಿ ವಿಲ್ಸ್

ಕಳೆದ ವರ್ಷ ನಮ್ಮ ಅಜ್ಜಿಯವರು ಊರಿನಿಂದ ಪುಣೆಗೆ ಬಂದಾಗ ಅವರ ಮುಖವು ಬಿಳಿಚಿತ್ತು. ನಾಲ್ಕು ಮೆಟ್ಟಿಲೇರಿದರೆ ಏದುಸಿರು. ಮುಪ್ಪಿನ ಲಕ್ಷಣವೆಂದು ಬಗೆದು ನಾವು ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆಗಳನ್ನು ನುಂಗಿಸಿದೆವು. ಗುಣ ಕಾಣಲಿಲ್ಲ. ಕಡೆಗೆ ವೈದ್ಯರೊಬ್ಬರು ರಕ್ತವನ್ನು ಪರೀಕ್ಷಿಸಿ, ಕಬ್ಬಿಣದ ಕೊರತೆಯಲ್ಲಿ ಕೆಂಪು ಕಣಗಳು ಕಿರಿದಾಗುವುವೆಂದೂ ಇಲ್ಲಿ ಹಿರಿದಾಗಿರುವುವೆಂದೂ ತಿಳಿಸಿದರು. ಆಗ ನಮಗೆ ನೆನಪಾದವರು ಡಾಕ್ಟರ್ ಲೂಸಿ ವಿಲ್ಸ್.

ಇವರು ೧೮೮೮ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಮೀಪದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರಗಳನ್ನು ಓದಿದರು. (ಅಲ್ಲಿ ಆಗ ಸ್ತ್ರೀಯರಿಗೆ ಪದವಿ ಕೊಡುತ್ತಿರಲಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಲಿ.) ೧೯೨೦ರಲ್ಲಿ ಲಂಡನ್ನಿನಲ್ಲಿ ವೈದ್ಯೆಯಾದರು.

೧೯೨೮ರಲ್ಲಿ ಅವರು ನಮ್ಮ ನೆರೆಯ ಮುಂಬಯಿಗೆ ಬಂದು ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ನೆಲೆಸಿ ಸಂಶೋಧನೆಗೆ ತೊಡಗಿದರು. ಗಿರಣಿ ಕೆಲಸಗಾರರಾದ ಬಡ ಗರ್ಭಿಣಿಯರು ಭಯಂಕರ ರಕ್ತಹೀನತೆಯಿಂದ ನರಳುತ್ತಿದ್ದರು. ಅವರ ರಕ್ತಕಣಗಳೂ ಹಿರಿದಾಗಿದ್ದುವು. ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿ ವೃದ್ಧರನ್ನು ಬಾಧಿಸುತ್ತಿದ್ದ ಮಾರಕ ರಕ್ತಹೀನತೆಯಲ್ಲಿಯೂ ಅಂತೆಯೇ. ಆದರೆ ನೋಟವೊಂದೇ ಆದ ಮಾತ್ರಕ್ಕೆ ಮೂಲವೂ ಒಂದೇ ಎಂದು ಲೂಸಿಯವರು ನಂಬಿ ಕುಳಿತುಕೊಳ್ಳಲಿಲ್ಲ. ಕರುಳಿನ ಕ್ರಿಮಿಗಳನ್ನು ಶೋಧಿಸಿದರು; ಅದು ಕಾರಣವಾಗಿರಲಿಲ್ಲ. ಬಳಿಕ ಆ ಹೆಂಗಸರ ಊಟವನ್ನೇ ಪರಿಶೀಲಿಸಿದರು. ಕೋತಿಗಳಿಗೆ ಅದೇ ಬಗೆಯ ಆಹಾರವಿತ್ತಾಗ ಅವುಗಳ ರಕ್ತವೂ ಕುಂದಿತು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ಸಾರವನ್ನು ಕೊಡಲು ಚೇತರಿಸಿಕೊಂಡುವು. ಅದೇ ಸಾರವು ಗರ್ಭಿಣಿಯರನ್ನೂ ಉಳಿಸಿತು. ೧೯೩೧ರಲ್ಲಿ ಈ ವಾರ್ತೆ ಪ್ರಕಟವಾಯಿತು. ಮುಂದೆ ಮತ್ತೊಂದು ವಿಶೇಷವು ತಿಳಿದುಬಂತು: ವೃದ್ಧರ ಮಾರಕ ರಕ್ತಹೀನತೆಯನ್ನು ಗುಣಪಡಿಸುವ ಶುದ್ಧೀಕೃತ ಯಕೃತ್ತಿನ ಸಾರವು ಈ ರೋಗಕ್ಕೆ ನಾಟುತ್ತಿರಲಿಲ್ಲ! ಎರಡು ರೋಗಗಳ ಮೂಲವೂ ಬೇರೆ ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು.

ಲೂಸಿಯವರು ಕಂಡ ಅಜ್ಞಾತ ಸತ್ವಕ್ಕೆ, ಪಾಲಕ್ ಸೊಪ್ಪಿನಿಂದ ಅದನ್ನು ಪಡೆದ ವಿಜ್ಞಾನಿಗಳು ೧೯೪೧ರಲ್ಲಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ನಮ್ಮ ದೇಶದ ಯಲ್ಲಾಪ್ರಗಡ ಸುಬ್ಬರಾಯರ ತಂಡವು ಅಮೆರಿಕದಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಯಕೃತ್ತಿನ ಸಾರದಲ್ಲಿದ್ದ ಇನ್ನೊಂದು ಸತ್ವವು ೧೯೪೮ರಲ್ಲಿ ಬಿ-೧೨ ಎಂಬ ಹೆಸರಿನಿಂದ ಬೆಳಕಿಗೆ ಬಂತು. ಬಿ-೧೨ರ ಕೊರತೆಯುಳ್ಳವರಿಗೆ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತವು ಸುಧಾರಿಸೀತು, ನರಗಳ ಹಾನಿಯು ಮಾತ್ರ ಒಳಗೊಳಗೇ ಬೆಳೆದೀತು.

ಲೂಸಿಯವರು ಲಂಡನ್ನಿಗೆ ಮರಳಿ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ಕೆಲಸಕ್ಕೆ ಬೈಸಿಕಲ್ಲಿನ ಮೇಲೆಯೇ ಹೋಗುತ್ತಿದ್ದರಂತೆ. ೧೯೬೪ರ ಏಪ್ರಿಲಿನಲ್ಲಿ ತೀರಿಕೊಂಡರು.

ನಮ್ಮ ಅಜ್ಜಿಯವರ ಪಾದಗಳ ಜೋಮನ್ನು ವಿಚಾರಿಸಿದ ವೈದ್ಯರು ಎರಡು ಸತ್ವಗಳನ್ನೂ ಅಳೆಯಿಸಿದರು. ಕುಂದಿದ್ದುದು ಬಿ-೧೨. ಸೂಜಿಮದ್ದಿನಿಂದ ಅವರು ಈಗ ನಿರಾಯಾಸವಾಗಿ ಮೆಟ್ಟಿಲೇರುತ್ತಾರೆ. ಜೋಮು ಇನ್ನೂ ಪೂರ್ಣವಾಗಿ ಬಿಟ್ಟಿಲ್ಲ.