ಕತ್ತಿಯೂ ಅಭಯವೂ: ಕಿತ್ತೂರ ಚೆನ್ನಮ್ಮರಾಣಿಯ ಚರಿತ್ರೆ



ಬೆಳಗಾವಿಯಿಂದ ಉತ್ತರಕ್ಕೆ ಪುಣೆಯ ಹಾದಿ ಹಿಡಿದು ಹೊರಟರೆ ಸ್ವಲ್ಪ ದೂರದಲ್ಲಿಯೇ ಕಾಕತಿ ಎಂಬ ಊರು ಸಿಗುವುದು. ಕಿತ್ತೂರ ಚೆನ್ನಮ್ಮರಾಣಿಯು ಹುಟ್ಟಿ ಬೆಳೆದ ಊರು ಇದೇ. ಆಕೆಯು ಕುದುರೆಯನ್ನೇರಿ ಕತ್ತಿ ಹಿಡಿದಿರುವ ಚಿತ್ರವನ್ನು ನೋಡದ ಬಾಲಿಕೆಯು ನಮ್ಮ ಜಿಲ್ಲೆಯಲ್ಲಿ ಇರಲಾರಳು. ಆದರೆ ಆ ಕತ್ತಿಯು ಆಕೆಯ ಕೈಗೆ ಹೇಗೆ ಬಂದಿತು, ಯಾರ ಸಲುವಾಗಿ ಒರೆಯಿಂದ ಹೊರಬಿದ್ದಿತು, ಯಾರ ಮುಂದೆ ಒರೆಯಲ್ಲಿಯೇ ಉಳಿಯಿತು ಎಂಬುದನ್ನು ವಿಚಾರಿಸುವವರು ವಿರಳ. ವಿದ್ಯಾರ್ಥಿಯ ಚೀಲದಲ್ಲಿ ಚಾಕು ದೊರೆಯಿತೆಂಬ ಸುದ್ದಿಯು ಎಲ್ಲಿಂದಲಾದರೂ ಬರುತ್ತಿರುವ ಈ ಕಾಲದಲ್ಲಿ ಆ ವಿಚಾರವು ನಮಗೆ ಅತ್ಯವಶ್ಯವಾದುದು. ಆದುದರಿಂದ ಆ ಮಹನೀಯಳ ಚರಿತ್ರೆಯನ್ನು ಈ ದೃಷ್ಟಿಯಿಂದ ಸಂಕ್ಷೇಪವಾಗಿ ನಿವೇದಿಸುವೆನು.

ಚೆನ್ನಮ್ಮನು 1778ನೆಯ ಇಸವಿಯಲ್ಲಿ ಕಾಕತಿಯ ದೇಸಾಯರ ಮನೆತನದಲ್ಲಿ ಜನಿಸಿದಳು. ತಂದೆ ಧೂಳಪ್ಪಗೌಡ ದೇಸಾಯಿ, ತಾಯಿ ಪದ್ಮಾವತಿ. ಆ ಕಾಲಕ್ಕೆ ಈ ಪ್ರಾಂತದ ಹೆಣ್ಣುಮಕ್ಕಳಿಗೆ ಶಾಲೆಯೆಂಬುದೇ ಇರಲಿಲ್ಲ. ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದು ಕೆಲಸವನ್ನು ಆರಂಭಿಸಿದ್ದು 1820ನೆಯ ಇಸವಿಯಲ್ಲಿ. ಹೀಗಾಗಿ ಚೆನ್ನಮ್ಮನಿಗೆ ಮನೆಯೇ ಶಾಲೆಯಾಯಿತು. ಓದುಬರಹದೊಡನೆ ಕುದುರೆಯ ಸವಾರಿ, ಬಿಲ್ಲುವಿದ್ಯೆ, ಕತ್ತಿವರಸೆಗಳನ್ನೂ ಆಕೆಯು ಅಭ್ಯಾಸ ಮಾಡಿದಳು. ಹಳ್ಳಿಗಳನ್ನೂ ರೈತರನ್ನೂ ಕಾಯುವ ಹೊಣೆಯು ದೇಸಗತಿಯ ಮನೆತನಕ್ಕೆ ಇದ್ದುದರಿಂದ ಆಯುಧವಿದ್ಯೆಯು ಅಲ್ಲಿ ವಿನೋದವಾಗಿರಲಿಲ್ಲ, ಕರ್ತವ್ಯವಾಗಿತ್ತು. ನಮ್ಮ ಕಡೆಯ ಗರಡಿಗಳ ಪದ್ಧತಿಯನ್ನು ನೋಡಿದವರಿಗೆ ಈ ವಿದ್ಯೆಯ ಕಟ್ಟಳೆಯು ತಿಳಿದೇ ಇದೆ. ಮೊದಲು ನೆಲಕ್ಕೆ ನಮಸ್ಕಾರ, ತರುವಾಯ ವಸ್ತಾದನ ಅಪ್ಪಣೆ, ಅನಂತರವೇ ಸಾಮು. ಅಪ್ಪಣೆಯಿಲ್ಲದೆ ಆಯುಧವನ್ನು ಮುಟ್ಟುವವನು ಶಿಷ್ಯನೆನಿಸಲಾರನು.

ಪ್ರಾಯಕ್ಕೆ ಬಂದ ಮೇಲೆ ಆಕೆಯು ಕಿತ್ತೂರ ಸಂಸ್ಥಾನದ ಅಧಿಪತಿಯಾದ ಮಲ್ಲಸರ್ಜ ದೇಸಾಯಿಯ ಕೈಹಿಡಿದಳು. ಆತನ ಹಿರಿಯ ಪತ್ನಿಯು ರುದ್ರಮ್ಮ. ಪೇಶವೆಯರ ಸೆರೆಯಲ್ಲಿ ಬಳಲಿದ ಮಲ್ಲಸರ್ಜನು 1816ನೆಯ ಇಸವಿಯಲ್ಲಿ ತೀರಿಕೊಂಡನು. ಚೆನ್ನಮ್ಮನಿಗೆ ಹುಟ್ಟಿದ ಮಗನೂ ಉಳಿಯಲಿಲ್ಲ. ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಗಾದಿಯನ್ನೇರಿದನು. 1818ನೆಯ ಇಸವಿಯಲ್ಲಿ ಮುನ್ರೋ ಸಾಹೇಬನು ಪೇಶವೆಯರ ವಶದಲ್ಲಿದ್ದ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಈತನು ಇಂಗ್ಲಿಷರಿಗೆ ಸಹಾಯ ಮಾಡಿದನು. ಆ ಸ್ನೇಹವು ಕಿತ್ತೂರನ್ನು ಕಾಯುವುದೆಂದು ಎಲ್ಲರೂ ನಂಬಿದ್ದರು. ಆದರೆ ಆತನು ಮಕ್ಕಳಿಲ್ಲದೆ 1824ನೆಯ ಇಸವಿಯ ಸೆಪ್ಟೆಂಬರ ತಿಂಗಳಲ್ಲಿ ಮರಣ ಹೊಂದಿದನು. ಮರಣಕ್ಕೆ ಮುಂಚೆ ಮಸ್ತಮರಡಿಯ ಗೌಡರ ಮಗನಾದ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ತೆಗೆದುಕೊಂಡಿದ್ದನು.

ಧಾರವಾಡದ ಕಲೆಕ್ಟರನಾದ ಥ್ಯಾಕರೆ ಸಾಹೇಬನು ಈ ದತ್ತಕವನ್ನು ಒಪ್ಪಲಿಲ್ಲ. ಭಂಡಾರಕ್ಕೆ ಮುದ್ರೆ ಹಾಕಿಸಿ, ತನ್ನ ಕಾವಲುಗಾರರನ್ನು ನಿಲ್ಲಿಸಿದನು. ಚೆನ್ನಮ್ಮನು ಆ ಕ್ಷಣಕ್ಕೆ ಕತ್ತಿ ಹಿರಿದಳೆಂದು ಭಾವಿಸಬಾರದು. ಮೊದಲು ಆಕೆಯು ಮೇಲಧಿಕಾರಿಗಳಿಗೆ ಅರ್ಜಿಗಳನ್ನು ಬರೆಯಿಸಿ, ನ್ಯಾಯವನ್ನು ಬೇಡಿದಳು. ನ್ಯಾಯದ ಬದಲಾಗಿ ತೋಪುಗಳೇ ಕೋಟೆಯ ಬಾಗಿಲಿಗೆ ಬಂದವು. 1824ನೆಯ ಇಸವಿ ಅಕ್ಟೋಬರ 23ನೆಯ ದಿನ ಬಾಗಿಲನ್ನು ತೆರೆಯದಿದ್ದರೆ ತೋಪಿನಿಂದ ಒಡೆಯುವೆವೆಂಬ ಬೆದರಿಕೆಯಾಯಿತು. ಆಗ ಬಾಗಿಲು ಒಳಗಿನಿಂದಲೇ ತೆರೆಯಿತು. ಸರದಾರ ಗುರುಸಿದ್ದಪ್ಪನ ಮುಂದಾಳುತನದಲ್ಲಿ ಕಿತ್ತೂರಿನ ದಂಡು ಹೊರಗೆ ನುಗ್ಗಿತು. ಥ್ಯಾಕರೆಯು ಗುಂಡಿಗೆ ಬಲಿಯಾದನು; ಅವನ ದಂಡಿನ ಕೆಲವು ಅಧಿಕಾರಿಗಳೂ ಮಡಿದರು. ಆ ಗುಂಡು ಅಮಟೂರ ಬಾಳಪ್ಪನದೆಂದು ನಾಡು ಇಂದಿಗೂ ನೆನೆಯುತ್ತದೆ.

ಆ ದಿನ ಥ್ಯಾಕರೆಯ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬಿಬ್ಬರು ತರುಣರು ಕಿತ್ತೂರಿನವರ ಕೈಸೆರೆಯಾದರು. ರಣದ ಮದವು ಇನ್ನೂ ಇಳಿದಿರಲಿಲ್ಲ. ಆ ಇಬ್ಬರನ್ನು ಕೊಲ್ಲುವುದು ಬಹಳ ಸುಲಭವಾಗಿತ್ತು. ಆದರೆ ಆಯುಧವಿಲ್ಲದ ಆ ಸೆರೆಯಾಳುಗಳ ಮೇಲೆ ಕಿತ್ತೂರಿನ ಕತ್ತಿಯು ಏಳಲಿಲ್ಲ. ಸುಮಾರು ನಾಲ್ವತ್ತು ದಿನ ಅವರನ್ನು ಕಾದಿಟ್ಟುಕೊಂಡು, ಡಿಸೆಂಬರ ತಿಂಗಳ ಆರಂಭದಲ್ಲಿ ಸುರಕ್ಷಿತವಾಗಿ ಬಿಟ್ಟುಕೊಟ್ಟರು. ಎಲಿಯಟ್‌ನಿಗೆ ಆಗ ಕೇವಲ 21 ವರ್ಷ. ಅಭಯ ಪಡೆದು ಉಳಿದ ಈ ತರುಣನೇ ಮುಂದೆ ಕನ್ನಡ ನಾಡಿನ ಊರೂರುಗಳ ಐದುನೂರಕ್ಕಿಂತ ಹೆಚ್ಚು ಶಿಲಾಶಾಸನಗಳ ಪ್ರತಿಗಳನ್ನು ಮಾಡಿಸಿ ಸಂಗ್ರಹಿಸಿದನು. ಚಾಲುಕ್ಯರ ಇತಿಹಾಸವನ್ನು ಶೋಧಿಸಿದವರಲ್ಲಿ ಮೊದಲಿಗನೆಂದು ವಾಲ್ಟರ್ ಎಲಿಯಟ್‌ನ ಹೆಸರನ್ನು ಪಂಡಿತರು ಇಂದಿಗೂ ಸ್ಮರಿಸುವರು. ಕಿತ್ತೂರಿನ ಆ ಸೆರೆಮನೆಯಲ್ಲಿ ಒಂದು ಕತ್ತಿಯು ಸಿಟ್ಟಿನಿಂದ ಎದ್ದಿದ್ದರೆ ಈ ಕಾರ್ಯವು ಅವನಿಂದ ಆಗುತ್ತಿರಲಿಲ್ಲ. ಚೆನ್ನಮ್ಮನು ಶತ್ರುವನ್ನು ಗೆದ್ದುದು ಅಕ್ಟೋಬರ 23ರಂದು. ತನ್ನ ಕೋಪವನ್ನು ಗೆದ್ದುದು ಆ ನಾಲ್ವತ್ತು ದಿನಗಳಲ್ಲಿ. ಎರಡನೆಯದು ಮೊದಲನೆಯದಕ್ಕಿಂತ ಕಿರಿದಾದ ಜಯವೆಂದು ಯಾರು ಹೇಳಬಲ್ಲರು?

ಸೆರೆಯಾಳುಗಳನ್ನು ಒಪ್ಪಿಸಿದರೂ ಶಾಂತಿಯು ದೊರೆಯಲಿಲ್ಲ. ದಖ್ಖನ್ನಿನ ಕಮಿಶನರನಾದ ಚಾಪ್ಲಿನ್ ಸಾಹೇಬನು ದೊಡ್ಡ ಸೈನ್ಯದೊಡನೆ ಬಂದನು. ಹೋರಾಟದಲ್ಲಿ ಸೊಲ್ಲಾಪುರದ ಸಬ್‌ಕಲೆಕ್ಟರನಾದ ಮುನ್ರೋ ಎಂಬವನು ಮಡಿದನು. ಕೋಟೆಯ ಒಳಗಿನ ದ್ರೋಹಿಗಳು ಮದ್ದಿಗೆ ಸೆಗಣಿಯನ್ನು ಬೆರೆಸಿ ಕೆಡಿಸಿದರೆಂದು ಜನರು ಹೇಳುವುದುಂಟು. ಡಿಸೆಂಬರ 5ರ ಸುಮಾರಿಗೆ ಕೋಟೆಯು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಅಲ್ಲಿಯೇ 1829ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಆಕೆಯು ದೇಹವನ್ನು ಬಿಟ್ಟಳು.

ಒಡತಿಯು ಹೋದರೂ ಆಕೆಯು ಹೊತ್ತಿಸಿದ ದೀಪವು ಖಾನಾಪುರದ ಕಾಡುಗಳಲ್ಲಿ ಇನ್ನೂ ಕೆಲವು ಕಾಲ ಉರಿಯಿತು. ಆಕೆಯ ಬಂಟನಾದ ಸಂಗೊಳ್ಳಿ ರಾಯಣ್ಣನು ಬಾಲಕ ಶಿವಲಿಂಗಪ್ಪನಿಗೆ ಗಾದಿಯನ್ನು ದೊರಕಿಸಬೇಕೆಂದು ದಂಡು ಕೂಡಿಸಿದನು. 1830ನೆಯ ಇಸವಿಯ ಆರಂಭದಲ್ಲಿ ಬೀಡಿಯ ಸರಕಾರಿ ಕಚೇರಿಯನ್ನು ಸುಟ್ಟು, ನಂದಗಡ, ಖಾನಾಪುರ, ಸಂಪಗಾಂವಿಗಳ ಸುತ್ತಲಿನ ಸೀಮೆಯನ್ನೆಲ್ಲ ನಡುಗಿಸಿದನು. ಆದರೆ ಅದೇ ಏಪ್ರಿಲ್ ತಿಂಗಳಲ್ಲಿ ನಂಬಿದವರೇ ಅವನನ್ನು ಹಿಡಿದುಕೊಟ್ಟರು. ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಜತೆಗಾರನ ಕೈಗೆ ತನ್ನ ಕತ್ತಿಯನ್ನು ಕೊಟ್ಟಿದ್ದನೆಂದು ಲಾವಣಿಕಾರರು ಹಾಡುವರು. 1831ನೆಯ ಇಸವಿ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅಲ್ಲಿ ಅವನ ಸಮಾಧಿಯ ಬಳಿ ಒಂದು ಆಲದ ಮರವಿದೆ. ಸಂತಾನವನ್ನು ಬಯಸುವ ತಾಯಂದಿರು ಆ ಮರಕ್ಕೆ ಪುಟ್ಟ ತೊಟ್ಟಿಲುಗಳನ್ನು ಕಟ್ಟುವರು. ಕತ್ತಿಯಿಂದ ಬಾಳಿದವನ ಮರದ ಕೆಳಗೆ ನಮ್ಮ ತಾಯಂದಿರು ಬೇಡುವುದು ಕತ್ತಿಯನ್ನಲ್ಲ, ಮಗುವನ್ನು. ಆ ಮಗುವು ಶಾಲೆಗೆ ಹೋಗಿ ಸುಖವಾಗಿ ಮನೆಗೆ ಮರಳಲಿ ಎಂಬುದೇ ಎಲ್ಲ ತಾಯಂದಿರ ಬಯಕೆಯಲ್ಲವೇ?

ಭಗಿನಿಯರೇ, ಚೆನ್ನಮ್ಮರಾಣಿಯ ಹೆಸರು ಇಂದು ಎಲ್ಲೆಡೆಯೂ ಬೆಳಗುತ್ತಿದೆ. 2007ನೆಯ ಇಸವಿಯಲ್ಲಿ ದಿಲ್ಲಿಯ ಸಂಸತ್ತಿನ ಆವರಣದಲ್ಲಿ ಆಕೆಯ ಪ್ರತಿಮೆಯು ಸ್ಥಾಪಿತವಾಯಿತು. 2010ರಲ್ಲಿ ಬೆಳಗಾವಿಯಲ್ಲಿ ಆಕೆಯ ಹೆಸರಿನ ವಿಶ್ವವಿದ್ಯಾಲಯವು ಹುಟ್ಟಿತು. ಇವೆಲ್ಲವುಗಳಿಗಿಂತ ನಮ್ಮ ಪ್ರಕೃತ ವಿಷಯಕ್ಕೆ ಸಮೀಪವಾದುದು 1969ರಲ್ಲಿ ಕಿತ್ತೂರಿನಲ್ಲಿ ಬಾಲಿಕೆಯರಿಗಾಗಿ ಆರಂಭವಾದ ಸೈನಿಕ ವಸತಿ ಶಾಲೆ. ಅಲ್ಲಿಯ ಬಾಲಿಕೆಯರು ಕುದುರೆಯ ಸವಾರಿಯನ್ನೂ ಗುರಿ ಹೊಡೆಯುವುದನ್ನೂ ಕಲಿಯುವರು. ನಮ್ಮ ಇತರ ಶಾಲೆಗಳ ಎನ್.ಸಿ.ಸಿ. ದಳಗಳಲ್ಲಿಯೂ ಬಾಲಿಕೆಯರಿಗೆ ಬಂದೂಕಿನ ಶಿಕ್ಷಣವುಂಟು. ಆದರೆ ಅಲ್ಲಿ ಬಂದೂಕಿಗೆ ಬೀಗವಿದೆ, ಲೆಕ್ಕವಿದೆ, ಕಲಿಸುವವರ ಕಣ್ಣಿದೆ. ಹಳೆಯ ಗರಡಿಯ ಕಟ್ಟಳೆಯೇ ಇಲ್ಲಿ ಹೊಸ ರೂಪದಲ್ಲಿ ನಿಂತಿದೆ. ನಮ್ಮ ದೇಶದ 1959ರ ಆಯುಧಗಳ ಕಾಯಿದೆಯೂ ಇದೇ ತತ್ತ್ವವನ್ನು ಹಿಡಿದಿದೆ: 21 ವರ್ಷ ತುಂಬದವರು ಬಂದೂಕನ್ನು ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ, ನಿಯಮಕ್ಕೆ ಒಳಪಟ್ಟ ಶಿಕ್ಷಣಕ್ಕೆ ಮಾತ್ರ ವಿನಾಯಿತಿ.

ಹಾಗಾದರೆ ಗುಟ್ಟಾಗಿ ಚೀಲದಲ್ಲಿ ಚಾಕುವನ್ನು ಇಟ್ಟುಕೊಂಡು ಬರುವ ಮಗುವಿನ ಗತಿಯೇನು? ಅದಕ್ಕೆ ಗುರುವಿಲ್ಲ, ಅಪ್ಪಣೆಯಿಲ್ಲ, ಕಾಯಬೇಕಾದ ಪ್ರಜೆಯೂ ಇಲ್ಲ. ಅನೇಕ ಸಲ ಅಂತಹ ಮಗುವು ಧೈರ್ಯದಿಂದಲ್ಲ, ಅಂಜಿಕೆಯಿಂದಲೇ ಚಾಕುವನ್ನು ತಂದಿರುತ್ತದೆ. ಯಾರೋ ಅದನ್ನು ಹೆದರಿಸಿರುತ್ತಾರೆ, ಯಾರೋ ಹೀಯಾಳಿಸಿರುತ್ತಾರೆ. ಆದರೆ ಆ ಚಾಕುವು ಅಂಜಿಕೆಯನ್ನು ಕಳೆಯುವುದಿಲ್ಲ. ಒಬ್ಬಳ ಅಂಜಿಕೆಯನ್ನು ಇಡೀ ತರಗತಿಗೆ ಹಂಚುತ್ತದೆ. ಆದುದರಿಂದ ಹಿರಿಯರಾದ ನಾವು ಚೀಲವನ್ನು ಶೋಧಿಸಿದರಷ್ಟೇ ಸಾಲದು. ಆ ಮಗುವಿನ ಅಂಜಿಕೆಯ ಮೂಲವನ್ನೂ ಶೋಧಿಸಬೇಕು. ನೀವಾದರೋ, ಸಹಪಾಠಿಯ ಬಳಿ ಅಂತಹ ವಸ್ತುವನ್ನು ಕಂಡರೆ ಮರೆಮಾಚಬಾರದು. ಗುರುಗಳಿಗೋ ಮನೆಯ ಹಿರಿಯರಿಗೋ ಕೂಡಲೆ ತಿಳಿಸಬೇಕು. ಅವರಿಗೆ ಹೇಳಲು ಬಾಯಿ ಬರದಿದ್ದರೆ ಮಕ್ಕಳ ಸಹಾಯಕ್ಕೆಂದೇ ಇರುವ 1098 ಸಂಖ್ಯೆಗೆ ದೂರವಾಣಿ ಮಾಡಬಹುದು. ಅದು ಚಾಡಿಯಲ್ಲ, ದ್ರೋಹವಲ್ಲ. ಕಿತ್ತೂರಿನಲ್ಲಿ ಮದ್ದು ಕೆಡುತ್ತಿರುವುದನ್ನು ಕಂಡವರು ಯಾರಾದರೂ ಇದ್ದು, ರಾಣಿಗೆ ತಿಳಿಸಿದ್ದರೆ ಅವರನ್ನು ಯಾರು ದೂರುತ್ತಿದ್ದರು?

ಚೆನ್ನಮ್ಮನು ಬಾಲ್ಯದಲ್ಲಿ ಕತ್ತಿಯನ್ನು ಕಲಿತಳು. ಆದರೆ ಅದನ್ನು ಗುರುವಿನ ಎದುರಿನಲ್ಲಿ ಕಲಿತಳು. ಅರ್ಜಿಯು ವ್ಯರ್ಥವಾದ ಮೇಲೆ, ತನ್ನನ್ನು ನಂಬಿದ ಬಾಲಕನ ಸಲುವಾಗಿ ಅದನ್ನು ಎತ್ತಿದಳು. ನಿರಾಯುಧರು ಎದುರಿಗೆ ನಿಂತಾಗ ಒರೆಯಲ್ಲಿಟ್ಟಳು. ಈ ಮೂರನ್ನು ಅರಿತವಳೇ ಆ ವೀರಮಾತೆಯ ನಿಜವಾದ ವಾರಸುದಾರಳು. ನಮ್ಮ ಶಾಲೆಯ ಬಾಗಿಲೊಳಗೆ ಕಾಲಿಡುವ ಪ್ರತಿಯೊಬ್ಬ ಬಾಲಿಕೆಗೂ ತನ್ನ ಪಕ್ಕದಲ್ಲಿ ಕುಳಿತವಳಿಂದ ಅಭಯವು ದೊರೆಯಲಿ. ಆಕೆಯೂ ಅದನ್ನು ಇತರರಿಗೆ ನೀಡುವಂತಾಗಲಿ.