ವಾಣಿ ವಿಲಾಸದ ಮಹಾರಾಣಿ

ಮಕ್ಕಳೇ, ಅಮ್ಮಸಂದ್ರದ ನಿಲ್ದಾಣದಲ್ಲಿ ಬೆಂಗಳೂರಿನ ರೈಲಿಗೆ ಕಾಯುವವರ ನಡುವೆ ಕಾಯಿಲೆಯ ಕೂಸನ್ನು ಎದೆಗವಚಿಕೊಂಡ ತಾಯಿಯನ್ನು ನೀವು ಎಂದಾದರೂ ಕಂಡಿರಬಹುದು. ಇಂಥ ಎಷ್ಟೋ ಮಕ್ಕಳು ವಾಣಿ ವಿಲಾಸ ಆಸ್ಪತ್ರೆಯಲ್ಲಿ ಉಳಿದುಕೊಂಡಿದ್ದಾರೆ. ಮಗು ಗುಣವಾಗಿ ಬಂದ ಮನೆಯವರು ದೇವರಿಗೆ ತೆಂಗಿನಕಾಯಿ ಒಡೆಯುತ್ತಾರೆ, ಡಾಕ್ಟರನ್ನೂ ದಾದಿಯರನ್ನೂ ನೆನೆಯುತ್ತಾರೆ. ಆದರೆ ಆಸ್ಪತ್ರೆಗೆ ಆ ಹೆಸರು ಯಾರಿಂದ ಬಂತು, ಗೊತ್ತೇ?

ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಂದ. 'ವಾಣಿ ವಿಲಾಸ ಸನ್ನಿಧಾನ' ಎಂಬುದು ಅವರ ಬಿರುದು. 1866ರಲ್ಲಿ ಹುಟ್ಟಿದ ಅವರನ್ನು ಚಾಮರಾಜ ಒಡೆಯರಿಗೆ ಮದುವೆ ಮಾಡಿಕೊಟ್ಟಾಗ ಅವರಿನ್ನೂ ನಿಮ್ಮಷ್ಟೇ ದೊಡ್ಡವರು!

1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಮಹಾರಾಜರಿಗೆ ಗಂಟಲಮಾರಿ ತಗುಲಿತು. ಡಿಫ್ತೀರಿಯಾ ಎಂದರೂ ಇದೇ. ಇದರ ಬ್ಯಾಕ್ಟೀರಿಯಾ ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಟ್ಟಿಸಿ ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಅದು ಬಿಡುವ ವಿಷ ರಕ್ತದಲ್ಲಿ ಸೇರಿ ಹೃದಯವನ್ನೂ ಕೆಡಿಸುತ್ತದೆ. ಮಹಾರಾಜರು 31ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲ್ ರೂ ಎಂಬ ವೈದ್ಯರು ಇದಕ್ಕೆ ಹೊಸ ಔಷಧ ಕೊಟ್ಟು ನೋಡಿದ್ದರು. ಕುದುರೆಗೆ ಈ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿದರೆ ಅದರ ರಕ್ತದಲ್ಲಿ ವಿಷವನ್ನು ಅಡಗಿಸುವ ವಸ್ತು ಹುಟ್ಟುತ್ತದೆ. ಆ ರಕ್ತದಿಂದ ತೆಗೆದ ಸೀರಂ ಕೊಟ್ಟಾಗ ಮಕ್ಕಳ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಎಷ್ಟು ಹತ್ತಿರ ಬಂದಿತ್ತು ನೋಡಿ ಔಷಧ!

ಮಗ ಕೃಷ್ಣರಾಜರಿಗೆ ಆಗ ಹತ್ತೇ ವರ್ಷ. ದುಃಖದಲ್ಲಿದ್ದ ತಾಯಿಯೇ ಮಗನ ಪರವಾಗಿ 1902ರವರೆಗೆ ರಾಜ್ಯವನ್ನು ನೋಡಿಕೊಂಡರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಇಟ್ಟವರು ಅವರೇ. ಮರುವರ್ಷವೇ ಪ್ಲೇಗು ಬಂತು. ಮುಂದೆ ಮಗಳು ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ಒಯ್ದಿತು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಆ ಮಗಳ ಹೆಸರಿದೆ. ಅರಮನೆಯ ಗೋಡೆ ರೋಗಾಣುವನ್ನು ತಡೆಯುವುದಿಲ್ಲವಲ್ಲ!

ಮಹಾರಾಣಿ 1934ರಲ್ಲಿ ಕಣ್ಮುಚ್ಚಿದರು. ಮರುವರ್ಷ ವಿಕ್ಟೋರಿಯಾದ ಪಕ್ಕದಲ್ಲೇ ಹೆಂಗಸರು, ಮಕ್ಕಳಿಗಾಗಿ ಅವರ ಹೆಸರಿನ ಆಸ್ಪತ್ರೆ ತೆರೆಯಿತು. ಅದನ್ನು ನೋಡಲು ಅವರಿರಲಿಲ್ಲ.

ಇಂದು ಈ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ತೀವ್ರ ನಿಗಾ ಘಟಕವಿದೆ. ಬಡವರ ಮಕ್ಕಳಿಗೂ ಅಲ್ಲಿ ಜಾಗವಿದೆ. ಉಸಿರಾಡಲಾಗದ ಮಗುವಿಗೆ ಕೊಳವೆಯ ಮೂಲಕ ಯಂತ್ರ ಉಸಿರು ಕೊಡುತ್ತದೆ. ಹೃದಯದ ಬಡಿತ, ರಕ್ತದಲ್ಲಿನ ಆಮ್ಲಜನಕ ಎರಡೂ ಪರದೆಯ ಮೇಲೆ ಕಾಣುತ್ತಿರುತ್ತವೆ. ಅಳತೆ ತಪ್ಪಿದರೆ ಯಂತ್ರ ಕೂಗುತ್ತದೆ, ದಾದಿ ಓಡಿ ಬರುತ್ತಾರೆ. ರಾತ್ರಿಯೆಲ್ಲ ಹೀಗೇ.

ಗಂಟಲಮಾರಿಗಾದರೆ ಈಗ ಲಸಿಕೆಯೇ ಇದೆ. ಮಗುವಿಗೆ 6, 10 ಮತ್ತು 14 ವಾರಗಳಾದಾಗ ಹಾಕುತ್ತಾರೆ. ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅಮ್ಮನ ಹತ್ತಿರ ತಾಯಿ ಕಾರ್ಡ್ ಕೇಳಿ ತೆಗೆಸಿ, ಆ ಮೂರು ದಿನಾಂಕಗಳು ಬರೆದಿವೆಯೇ ನೋಡಿ.